ಉಪ್ಪಿಗೆ ಕರೀತಿದ್ದದ್ದು ಅಕ್ಕನನ್ನೇ

ನಮ್ಮ ಮೊಮ್ಮಗಳ ಮದುವೆ ಗೊತ್ತಾಗಿದೆ! ಮೊದಲು ಇದನ್ನ ಬರೆದುಬಿಡ್ತೀನಿ, ಮಿಕ್ಕಿದ್ದೆಲ್ಲ ಆಮೇಲೆ. ನನ್ನ ದೊಡ್ಡ ಮಗನ ಮಗಳು. ಶಿರಾದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯೋ ಕೆಲಸ ಅವಳದ್ದು. ಎಂಥ ಮೀಸೆ ಗಂಡಸಾದರೂ ಅವಳ ಮುಂದೆ ತೋಳು ಚಾಚಿ ಕಣ್ಣು ಮುಚ್ಚಲೇಬೇಕು, ಅಂಥ ಗಟ್ಟಿ ಹುಡುಗಿ. ಗಂಡು ಪಾವಗಡದ ಕಡೆಯವನು, ಸೋಲಾರ್ ಕರೆಂಟಿನ ಕೆಲಸ. ಹೂ ಮುಡಿಸೋ ಶಾಸ್ತ್ರಾನೂ ಆಯ್ತು. ಅವತ್ತಿಂದ ನನ್ನ ಮಂಡಿನೋವು ಎತ್ತ ಹೋಯ್ತೋ ಕಾಣೆ. ಬೀದೀಲಿ ಹೋಗೋರನ್ನೆಲ್ಲ ಕೂಗಿ ಕೂಗಿ ಹೇಳ್ತಿದ್ದೀನಿ. ಡೈರಿಗೆ ಹಾಲು ಹಾಕೋಕೆ ಹೋದಾಗ ಅಲ್ಲಿದ್ದವನು, "ನೆನ್ನೇನೂ ಹೇಳ್ದಲ್ಲಜ್ಜಿ, ಮೊನ್ನೇನೂ ಹೇಳಿದ್ದೆ" ಅಂತ ನಕ್ಕ. ನಗಲಿ ಬಿಡಿ. ನಾಳೇನೂ ಹೇಳ್ತೀನಿ.

ಗಂಡು ಗೊತ್ತಾದ ಮೇಲೆ ಮಧುಗಿರೀಲಿ ಚೌಟ್ರಿ ನೋಡಿದರು. ಚೌಟ್ರಿ ಆದಮೇಲೆ ಊಟದ ಮಾತು ಬಂತು. ಈಗೆಲ್ಲ ಕೇಟ್ರಿಂಗಿನವರು ಮನೆಗೇ ಮಾಡಿ ತಂದು ರುಚಿ ತೋರಿಸ್ತಾರೆ, ಸೀರೆ ಅಂಗಡೀಲಿ ಸೆರಗು ಬಿಚ್ಚಿ ತೋರಿಸೋ ಹಂಗೆ. "ನನ್ ಮದ್ವೆ ಊಟ ಅಜ್ಜೀನೇ ಆರಿಸ್ಬೇಕು, ಅಜ್ಜಿ ಹೂಂ ಅಂದೋರಿಗೇ ಕೊಡೋದು" ಅಂತ ಮೊಮ್ಮಗಳು ಎಲ್ಲರ ಮುಂದೆ ಹೇಳಿಬಿಟ್ಟಳು. ಅಷ್ಟಕ್ಕೇ ನಿಲ್ಲಲಿಲ್ಲ. "ಮದ್ವೆ ಅಡಿಗೆಗೆ ಮೊದಲ್ನೇ ಉಪ್ಪೂ ನಮ್ಮಜ್ಜೀನೇ ಹಾಕ್ಬೇಕು" ಅಂದಳು. ನಾನು ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಅಳು ಬಂದದ್ದು ಯಾರಿಗೂ ಕಾಣಬಾರದು ಅಂತ.

ಶಿರಾದವನೊಬ್ಬ ಬಂದ. ಗೋಬಿ ಮಂಚೂರಿ, ಪನ್ನೀರು, ಹೊಗೆ ಏಳೋ ಐಸ್ ಕ್ರೀಮು ಅಂತ ಏನೇನೋ ಸಾಲಾಗಿ ಇಟ್ಟ. ನಮ್ಮ ಯಜಮಾನರು ತಟ್ಟೇನ ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಎಲ್ಲಾ ಸರಿ ಕಣಪ್ಪ, ಊಟ ಯಾವಾಗ ಬತ್ತದೆ?" ಅಂದರು. ಆಮೇಲೆ ಕೊರಟಗೆರೆಯವನು ಬಂದ. ಬಾಳೆ ಎಲೆ ಊಟದವನು. ಸಾರು ಸಾರಿನ ಹಂಗಿತ್ತು, ಪಲ್ಯ ಪಲ್ಯದ ಹಂಗಿತ್ತು. ಆದರೆ ಬಲು ನಯದ ಮನುಷ್ಯ. ಉಪ್ಪಿನ ವಿಷಯ ಕೇಳಿದರೆ, "ನೀವೇ ಬಂದು ಹಾಕ್ರಜ್ಜಿ, ಒಲೆಗೆ ಪೂಜೆ ಮಾಡ್ರಿ, ವಿಡಿಯೋನೂ ತೆಗ್ಸಾನ" ಅಂದ. ನನ್ನ ಮನಸ್ಸಲ್ಲಿ ಅವನೇ ಅಂತ ಆಗಿಹೋಗಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಇವತ್ತು ಬೆಳಿಗ್ಗೆ ಮಧುಗಿರಿಯಿಂದ ಒಬ್ಬಾಕೆ ಬಂದಳು. ಗಾರ್ಮೆಂಟ್ಸಿಗೆ, ಆಫೀಸುಗಳಿಗೆ ಮಧ್ಯಾಹ್ನದ ಊಟ ಕಳಿಸೋಳು. ಮದುವೆ, ನಾಮಕರಣ, ಗೃಹಪ್ರವೇಶಾನೂ ಹಿಡೀತಾಳಂತೆ. ಹೆಚ್ಚು ಮಾತಿಲ್ಲ. ಜಗಲಿ ಮೇಲೆ ಕೂತು ಕ್ಯಾರಿಯರಿನ ಮುಚ್ಚಳ ತೆಗೆದಳು. ಒಬ್ಬಟ್ಟಿನ ಸಾರು. ಸುಟ್ಟ ಕೊಬ್ಬರಿ ವಾಸನೆ ಘಮ್ ಅಂತ ಎದ್ದು ನನ್ನ ಮುಖಕ್ಕೇ ಬಂತು...

ಅಕ್ಕ ಬಂದು ಎದುರಿಗೆ ನಿಂತಂಗಾಯ್ತು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನಮ್ಮ ಯಜಮಾನರ ಅಣ್ಣನ ಹೆಂಡತಿ, ನನಗೆ ವಾರಗಿತ್ತಿ. ಪಾವಗಡದಿಂದಲೂ ಆಚೆ, ಆಂಧ್ರದ ಅಂಚಿನ ಹಳ್ಳಿಯವಳು. ಮನೆಮಾತು ತೆಲುಗು. ನನ್ನ ತೌರು ಕೊಳಾಲದ ಹತ್ತಿರ, ತೆಲುಗಿನ ಗಾಳೀನೇ ಇಲ್ಲದ ಕಡೆ. ದೊಡ್ಡೇರಿ ಸೀಮೆಯ ಈ ಮನೆಗೆ ನಾನು ಸೊಸೆಯಾಗಿ ಬರುವಷ್ಟರಲ್ಲಿ ಅವಳು ಬಂದು ಒಲೆ ಹಿಡಿದು ಕೂತಾಗಿತ್ತು. ಕಪ್ಪಗೆ ಎತ್ತರಕ್ಕಿದ್ದಳು. ಅಂಗೈ ಮಾತ್ರ ಗಂಡಸರ ಅಂಗೈ ಹಂಗೆ ಅಗಲ. ಆ ಅಂಗೈ ಮೇಲೆ ನನಗೆ ಮೊದಲ ದಿನದಿಂದಲೂ ಕಣ್ಣು.

ನಾನು ಬಂದ ಹೊಸದರಲ್ಲೇ ಅವಳ ಅಪ್ಪ ಮಗಳನ್ನ ನೋಡೋಕೆ ಬಂದರು. ಬೀಗರು ಬಂದವರೆ ಅಂತ ನಮ್ಮತ್ತೆ ಒಬ್ಬಟ್ಟು ಮಾಡಿಸಿದರು. ಸಾರು ಬಡಿಸೋ ಕೆಲಸ ನನ್ನ ಪಾಲಿಗೆ ಬಂತು. ಹೊಸ ಸೊಸೆ, ತಲೆ ತುಂಬ ಸೆರಗು, ಮುಖ ಎತ್ತಂಗಿಲ್ಲ. ಅನ್ನದ ಮೇಲೆ ಸಾರು ಬಿಟ್ಟೆ. ಆಯಪ್ಪ "ಚಾಲು" ಅಂದರು. ನಮ್ಮ ಕಡೆ ಚಾಲೂ ಅಂದರೆ ಏನು? ಮೋಟ್ರು ಚಾಲೂ ಮಾಡು, ಗಾಡಿ ಚಾಲೂ ಮಾಡು, ನಿಲ್ಲಿಸಬೇಡ, ನಡೀಲಿ ಅಂತ. ಇನ್ನಷ್ಟು ಬಿಟ್ಟೆ. "ಚಾಲಮ್ಮಾ, ಚಾಲು ಚಾಲು!" ಅಂತ ಎರಡು ಕೈಯೂ ಮುಂದಕ್ಕೆ ಚಾಚಿದರು. ಇಷ್ಟೊಂದು ಆಸೆಪಟ್ಟು ಕೇಳ್ತಾವ್ರಲ್ಲ ಅಂತ ನನಗೆ ಹಿಗ್ಗೋ ಹಿಗ್ಗು. ಅಷ್ಟರಲ್ಲಿ ಒಳಗಿಂದ ಅಕ್ಕ ಓಡಿ ಬಂದು, "ಚಾಲು ಚೆಲ್ಲೀ!" ಅಂತ ಕೂಗಿದಳು. ನನ್ನ ಕಿವಿಗೆ ಬಿದ್ದದ್ದು 'ಚಾಲೂ, ಚೆಲ್ಲಿ'. ಮನೆಯ ದೊಡ್ಡ ಸೊಸೆಯೇ ಚೆಲ್ಲಿ ಅಂದಮೇಲೆ ಇನ್ನೇನು... ಪಾತ್ರೇನೇ ಬಗ್ಗಿಸಿಬಿಟ್ಟೆ.

ಸಾರು ಎಲೆ ದಾಟಿತು, ನೆಲ ದಾಟಿತು, ಆಯಪ್ಪನ ಬಿಳಿ ಪಂಚೆ ಕೆಂಪಗಾಯ್ತು. ಪಂಕ್ತಿ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು. ತೆಲುಗಿನಲ್ಲಿ ಚಾಲು ಅಂದರೆ ಸಾಕು ಅಂತ. ಚೆಲ್ಲಿ ಅಂದರೆ ತಂಗಿ. 'ಸಾಕು ತಂಗಿ' ಅಂದಿದ್ದಳು ಅವಳು. ಇದನ್ನ ನಮ್ಮತ್ತೆ ಬಿಡಿಸಿ ಹೇಳುವಷ್ಟರಲ್ಲಿ ನಾನು ಹಿತ್ತಲ ಹುಣಸೆ ಮರದ ಹಿಂದೆ ಕೂತು ಅಳ್ತಾ ಇದ್ದೆ. ಅಕ್ಕ ಬಂದು ಪಕ್ಕದಲ್ಲಿ ಕೂತಳು. ಸಮಾಧಾನ ಮಾಡ್ತಾಳೆ ಅಂದುಕೊಂಡೆ. ಅವಳಿಗೂ ನಗು ತಡೆಯೋಕೆ ಆಗ್ತಿರಲಿಲ್ಲ. ನಕ್ಕು ನಕ್ಕು ಅವಳ ಕಣ್ಣಲ್ಲೂ ನೀರು.

ಸಾಯೋವರೆಗೂ ಅವಳು ನನ್ನನ್ನ ಚೆಲ್ಲಿ ಅಂತಲೇ ಕರೆದಳು. ಅವಳ ಬಾಯಲ್ಲಿ ಅದು ತಂಗಿ. ಊರಿನ ಬಾಯಲ್ಲಿ ಅದು ಸಾರು ಚೆಲ್ಲಿದವಳು. ಮದುವೆ ಮನೇಲಿ ನಾನು ಪಾತ್ರೆ ಎತ್ತಿದರೆ ಸಾಕು, "ಚೆಲ್ಲಿ ಬತ್ತಾವ್ಳೆ, ಪಂಚೆ ಎತ್ಕೊಳ್ರಪ್ಪೋ" ಅನ್ನೋರು. ತಂಗಿ ಅಂತ ಗೊತ್ತಿದ್ದರೂ ನನ್ನ ಕಿವಿಗೆ ಎರಡನೇದೇ ಕೇಳಿಸ್ತಿತ್ತು, ಏನು ಮಾಡಲಿ.

ಆವಾಗ ಕೇಟ್ರಿಂಗು ಗೀಟ್ರಿಂಗು ಏನೂ ಇರಲಿಲ್ಲ. ಊರಿನ ಹೆಂಗಸರು ಗಂಡಸರು ಸೇರಿ ಮದುವೆ ಅಡಿಗೆ ಮಾಡೋರು. ಹಿತ್ತಲಲ್ಲಿ ಗುಂಡಿ ತೋಡಿ ಒಲೆ, ಅದರ ಸುತ್ತ ತೆಂಗಿನ ಗರಿ ತಡಿಕೆ. ಒಲೆಗೆ ಅರಿಶಿನ ಕುಂಕುಮ ಇಟ್ಟು, ಕುದಿಯೋ ಕೊಪ್ಪರಿಗೆಗೆ ಮೊದಲ ಉಪ್ಪನ್ನ ಕೈಗುಣ ಇರೋ ಒಬ್ಬ ಮುತ್ತೈದೆಯಿಂದ ಹಾಕಿಸಬೇಕು. ಅಂಥವಳು ಉಪ್ಪು ಹಾಕಿದರೆ ಅಡಿಗೆ ಸಾಲ್ತದೆ, ಉಂಡವರ ಬಾಯಲ್ಲಿ ಹೆಸರು ನಿಲ್ತದೆ ಅನ್ನೋ ನಂಬಿಕೆ. ಮದುವೆ ಮನೆಯವರು ತಟ್ಟೇಲಿ ಅರಿಶಿನ ಕುಂಕುಮ ಹಿಡಿದು ಮನೆಗೆ ಬಂದು ಕರೆಯೋರು. ಉಪ್ಪಿಗೆ ಕರೆಯೋದು ಅಂತಲೇ ಅದಕ್ಕೆ ಹೆಸರು.

ಕರೀತಿದ್ದದ್ದು ಅಕ್ಕನನ್ನೇ. ಯಾವಾಗಲೂ ಅವಳನ್ನೇ. ನಾನು ಬಾಗಿಲಲ್ಲಿ ಕೂತು ಕಡ್ಲೆಕಾಯಿ ಬಿಡಿಸ್ತಾ ಇರೋಳು. ತಟ್ಟೆ ಹಿಡಿದವರು ಬರೋರು. ಇವತ್ತು ನನಗೇ ಇರಬಹುದು ಅಂತ ಮಡಿಲಿನ ಸಿಪ್ಪೆ ಕೊಡವಿ ಏಳುತ್ತಿದ್ದೆ. "ದೊಡ್ಡಮ್ಮೋರಿಲ್ವಾ?" ಅನ್ನೋರು. ಬಿಸಿಲಲ್ಲಿ ಬಂದವರೆ ಅಂತ ನೀರು ಬೆಲ್ಲ ಕೊಡುತ್ತಿದ್ದೆ. ನನ್ನ ಕೈಯಿಂದ ನೀರು ಕುಡಿದು, ಬೆಲ್ಲ ಕಡಿದು, ಅವಳ ಹಣೆಗೆ ಕುಂಕುಮ ಇಟ್ಟು ಹೋಗೋರು. ಪಟ್ಟನಾಯಕನಹಳ್ಳಿ ಕಡೆಯಿಂದಾನೂ ಒಂದು ಸಲ ಗಾಡಿ ಕಟ್ಟಿಕೊಂಡು ಬಂದಿದ್ದರು. ಹೊಟ್ಟೆ ಉರಿಯೋದು ಅಂದರೆ ಬರೀ ಮಾತು ಅಂದುಕೊಂಡಿದ್ದೆ. ಅಲ್ಲ, ನಿಜವಾಗಿಯೂ ಉರೀತದೆ. ಇಲ್ಲೇ, ಎದೆಗೂಡಿನ ಕೆಳಗೆ.

ಹಂಗಂತ ನನ್ನ ಅಡಿಗೆ ಕೆಟ್ಟದೇನಲ್ಲ. ನನ್ನ ಬಸ್ಸಾರು ಉಂಡವರು ತಟ್ಟೆ ನೆಕ್ಕಿದವರೇ. ಆದರೆ ನನ್ನ ಹೊಟ್ಟೇಲಿ ಹುಟ್ಟಿದ ಮಗ, ನನ್ನ ಕೈತುತ್ತು ಉಂಡು ಬೆಳೆದವನು, ಸಂಜೆ ಆದರೆ "ದೊಡ್ಡವ್ವ, ಇವತ್ತೇನ್ ಸಾರು?" ಅಂತ ಅವಳ ಒಲೆ ಮುಂದೆ ಹೋಗಿ ಕೂರೋನು. ಯಜಮಾನರಂತೂ ಕೇಳಲೇಬೇಡಿ. "ಅತ್ತಿಗೆ ಸಾರು ಅಂದ್ರೆ ಅತ್ತಿಗೆ ಸಾರು" ಅಂತ ನನ್ನ ಸಾರನ್ನೇ ಸುರೀತಾ ಸುರೀತಾ ಹೇಳೋರು. ಇಂಥ ಗಂಡನಿಗೆ ಏನನ್ನಬೇಕು ನೀವೇ ಹೇಳಿ.

ಆಮೇಲೆ ನಮ್ಮ ಭಾವ ತೀರಿಕೊಂಡರು. ಹೊಲದಿಂದ ಬಂದವರು ಜಗಲಿ ಮೇಲೆ ಒರಗಿದರು, ಏಳಲಿಲ್ಲ... ಅಕ್ಕನ ಹಣೆ ಬರಿದಾಯ್ತು. ಅದರ ಬಗ್ಗೆ ಹೆಚ್ಚು ಬರೆಯೋಕೆ ನನ್ನಿಂದ ಆಗಲ್ಲ.

ವರ್ಷ ಕಳೆದು ಊರಲ್ಲಿ ಒಂದು ಮದುವೆ ಬಂತು. ತಟ್ಟೆ ಹಿಡಿದವರು ನಮ್ಮ ಬಾಗಿಲಿಗೆ ಬಂದರು, ವಾಡಿಕೆ ಮೇಲೆ ಬಂದುಬಿಟ್ಟಿದ್ದರು ಅಂತ ಕಾಣುತ್ತೆ. ಹೊಸಿಲ ಹತ್ತಿರ ಬಂದಮೇಲೆ ಅವರಿಗೆ ಹೊಳೀತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕ ಒಳಗೆ ಕಂಬಕ್ಕೆ ಒರಗಿ ಕೂತಿದ್ದಳು. ಅಲ್ಲಿಂದಲೇ, "ಚೆಲ್ಲಿ ಇಲ್ಲೇ ಅವ್ಳಲ್ಲಮ್ಮ, ಚೆಲ್ಲೀನ ಕರ್ಕೊಂಡೋಗಿ" ಅಂದಳು.

ಹಂಗೆ ಬಂತು ನನ್ನ ಸರದಿ. ಅವಳು ಎತ್ತಿಕೊಟ್ಟಂಗೆ ಬಂತು. ಬೇರೆ ಯಾರಾದರೂ ಕರೆದಿದ್ದರೆ ಎಷ್ಟು ಚೆನ್ನಾಗಿತ್ತು!

ಮದುವೆ ಸೀರೆ ಉಟ್ಟು ಹೋದೆ. ಒಲೆ ಮುಂದೆ ನಿಂತು ಉಪ್ಪಿನ ಮರಿಗೆಗೆ ಕೈ ಹಾಕಿದೆ. ಅಷ್ಟು ದೊಡ್ಡ ಕೊಪ್ಪರಿಗೆ, ಎಷ್ಟು ಹಾಕಬೇಕು ಅಂತ ನನ್ನ ಕೈಗೆ ಗೊತ್ತೇ ಇಲ್ಲ. ಒಂದು ಹಿಡಿ ಹಾಕಿ ನಿಂತೆ. ಎಲ್ಲರೂ ನನ್ನ ಕೈಯನ್ನೇ ನೋಡ್ತಾವ್ರೆ. ಬೆವರು ಕಿತ್ತುಕೊಂಡು ಬಂತು. ಆಗ ಗರಿ ತಡಿಕೆ ಆಚೆಯಿಂದ ಮೆಲ್ಲಗೆ ಅವಳ ದನಿ ಕೇಳಿಸ್ತು. "ಇನ್ನೊಂದು ಹಿಡಿ..." ಹಾಕಿದೆ. "ಇನ್ನೊಂದು..." ಹಾಕಿದೆ. "ಚಾಲು." ನಿಲ್ಲಿಸಿದೆ. ಈ ಸಲ ಅರ್ಥ ಗೊತ್ತಿತ್ತು. ಯಾವಾಗ ಬಂದು ತಡಿಕೆ ಆಚೆ ಕೂತಿದ್ದಳೋ, ಯಾರು ಕರೆದರೋ. ಯಾರೂ ಕರೆದಿರಲಿಲ್ಲ.

ಊಟ ಚೆನ್ನಾಗಾಯ್ತು. ಕೈ ತೊಳೀತಾ ಜನ ಏನಂದರು ಗೊತ್ತಾ? "ತಡಿಕೆ ಆಚೆಯಿಂದ ಹೇಳಿದ್ರೂ ಆಯಮ್ಮನ ರುಚಿ ಆಯಮ್ಮಂದೇ ಬುಡಿ."

ಅಲ್ಲಿಂದ ಮುಂದೆ ಅದೇ ನಡೆಯಿತು. ಕುಂಕುಮ ನನಗೆ, ಹೆಸರು ಅವಳಿಗೆ. ನಾನು ಒಲೆ ಮುಂದೆ, ಅವಳು ತಡಿಕೆ ಹಿಂದೆ. ಒಂದು ದಿನ ತಡೆಯೋಕಾಗದೆ ಯಜಮಾನರ ಮುಂದೆ ಕುದ್ದುಬಿಟ್ಟೆ.

"ಹಾಕೋದ್ ನಾನು, ಹೊಗಳೋದ್ ಅವ್ಳನ್ನ. ನಾನೇನ್ ಸೌಟಾ?"

"ಸೌಟಿಲ್ದೆ ಸಾರು ಬಡ್ಸೋಕಾಯ್ತದೇನೇ?" ಅಂದರು ಆ ಪುಣ್ಯಾತ್ಮರು, ಬೀಡಿ ಹಚ್ಚಿಕೊಳ್ತಾ.

ಒಂದೇ ಒಂದು ಮದುವೆ ನನ್ನ ಪಾಲಿಗೆ ಪೂರ್ತಿ ದಕ್ಕಿತು. ಅಕ್ಕ ತೌರಿಗೆ ಹೋಗಿದ್ದಳು. ತಡಿಕೆ ಆಚೆ ಯಾರೂ ಇರಲಿಲ್ಲ. ಆದರೂ ಹಾಕಿದೆ. ಒಂದು ಹಿಡಿ, ಇನ್ನೊಂದು, ಇನ್ನೊಂದು. ಮನಸ್ಸಲ್ಲೇ ಅವಳ ಹಂಗೆ "ಚಾಲು" ಅಂದುಕೊಂಡು ನಿಲ್ಲಿಸಿದೆ. ಸಾರು ಕರಾರುವಾಕ್ಕಾಗಿ ಬಂದಿತ್ತು. ನಾನೇ ರುಚಿ ನೋಡಿದ್ದೆ. ಪಂಕ್ತಿ ಪಕ್ಕದಲ್ಲಿ ಕಿವಿ ಕೊಟ್ಟುಕೊಂಡು ಓಡಾಡಿದೆ. ಜನ ಉಂಡರು, ಎದ್ದರು, ಕೈ ತೊಳೆದರು, ಎಲೆ ಅಡಿಕೆ ಹಾಕಿಕೊಂಡು ಹೋದರು. ಒಬ್ಬರೂ ಒಂದು ಮಾತು ಆಡಲಿಲ್ಲ. ಚೆನ್ನಾಗಿಲ್ಲ ಅಂತಾನಾದರೂ ಅಂದಿದ್ದರೆ ಜಗಳ ಆಡಬಹುದಿತ್ತು.

ಅಕ್ಕ ಊರಿಂದ ಬಂದವಳು ಗಂಟು ಇಳಿಸೋಕೆ ಮುಂಚೆ ಕೇಳಿದಳು.

"ಸಾರು ಹೆಂಗಾಗಿತ್ತು ಚೆಲ್ಲಿ?"

"ತಳ ಕಾಣೋ ಹಂಗೆ ಖಾಲಿ."

"ಏನಂದ್ರು?"

"ಏನೂ ಅನ್ಲಿಲ್ಲ."

ಗಂಟು ಇಳಿಸಿ ಮೂಲೆಗಿಟ್ಟಳು. ಆಮೇಲೆ, "ಬಾಯಿ ತುಂಬ ಅನ್ನ ಇದ್ರೆ ಮಾತೆಲ್ಲಿ ಬತ್ತದೆ" ಅಂದು ಒಳಗೆ ಹೋದಳು. ಆ ಮಾತಲ್ಲಿ ಒಂಚೂರು ಹುಳಿ ಇತ್ತೋ ಏನೋ... ಇದ್ದಿರಲಿ ಅಂತ ನನಗೆ ಈಗಲೂ ಆಸೆ. ಅವಳಿಗೂ ನನ್ನ ಮೇಲೆ ಒಂದು ದಿನ, ಒಂದು ಗಳಿಗೆ, ಹೊಟ್ಟೆ ಉರಿದಿತ್ತು ಅಂತ ಗೊತ್ತಾದರೆ ನನಗೆ ಎಷ್ಟು ತಂಪಾಗ್ತಿತ್ತು. ಕೇಳಬೇಕಾಗಿತ್ತು. ಕೇಳಲಿಲ್ಲ.

ಅಕ್ಕ ಹೋದಳು. ಹೆಚ್ಚು ನರಳಲಿಲ್ಲ. ತಿಥಿ ಎಲ್ಲ ಕಳೆದ ಮೇಲೆ, ಸುಳ್ಳು ಯಾಕೆ ಹೇಳಲಿ, ಇನ್ನು ಉಪ್ಪಿಗೆ ಅಂತ ಬಂದರೆ ನನ್ನೊಬ್ಬಳನ್ನೇ ಕರೆಯಬೇಕು ಅಂತ ನಾನು ಕಾದಿದ್ದೆ. ತಟ್ಟೆ ಹಿಡಿದವರು ಬಂದರು ಕೂಡ. ಮಡಿಲು ಕೊಡವಿ ಎದ್ದೆ. "ಉಪ್ಪಿಗಾ?" ಅಂತ ನಾನೇ ಕೇಳಿದೆ. "ಅಯ್ಯೋ ಉಪ್ಪೆಲ್ಲಿ ಬಂತಮ್ಮ ಈಗ, ಕೇಟ್ರಿಂಗಿಗೆ ಕೊಟ್ಬುಟ್ಟಿದೀವಿ. ಆರಾಮಾಗ್ ಬಂದು ಉಂಡ್ಕೊಂಡ್ ಹೋಗಿ" ಅಂದರು. ಹಿತ್ತಲ ಒಲೆ, ಗರಿ ತಡಿಕೆ, ಉಪ್ಪಿನ ಮರಿಗೆ ಎಲ್ಲಾನೂ ಅವಳು ತನ್ನ ಜೊತೆಗೇ ಕಟ್ಟಿಕೊಂಡು ಹೋದಳೇನೋ ಅನ್ನಿಸ್ತು. ನನಗೆ ಅಂತ ಒಂದು ಹಿಡಿಯನ್ನೂ ಬಿಡಲಿಲ್ಲ.

ಈಗ ತಿಳೀತಲ್ಲ, ಮೊಮ್ಮಗಳು ಮೊದಲ ಉಪ್ಪು ನಮ್ಮಜ್ಜೀದು ಅಂದಾಗ ನನಗೆ ಯಾಕೆ ಹಂಗಾಯ್ತು ಅಂತ.

ಬೆಳಿಗ್ಗೆ ಆ ಮಧುಗಿರಿಯಾಕೆ ಸಾರು ಬಟ್ಟಲಿಗೆ ಬಿಟ್ಟಳು. ಯಜಮಾನರು ಒಂದು ಗುಟುಕು ಕುಡಿದು ಕಣ್ಣರಳಿಸಿದರು.

"ಲೇ ಇವ್ಳೇ! ಥೇಟ್ ಅತ್ತಿಗೆ ಕೈ ಸಾರು ಕಣೇ!"

"ಊಂ ಕಣಪ್ಪ," ಅಂದ ನನ್ನ ಮಗ. "ದೊಡ್ಡವ್ವ ಎದ್ದು ಬಂದು ಮಾಡ್ದಂಗೈತೆ."

ಸೊಸೆಯೂ ತಲೆ ಆಡಿಸಿದಳು. ಇದೇ ಆಗಬೇಕು ಅಂತ ಎಲ್ಲರ ಮುಖದಲ್ಲೂ ಬರೆದಂಗಿತ್ತು. ನನ್ನ ಎದೆಗೂಡಿನ ಕೆಳಗೆ ಮತ್ತೆ ಅದೇ ಉರಿ. ಸತ್ತು ಇಷ್ಟು ವರ್ಷ ಆದಮೇಲೂ, ನನ್ನ ಮೊಮ್ಮಗಳ ಮದುವೇಲೂ...

ನಾನು ಆಕೆಯನ್ನ ಕೇಳಿದೆ. "ಮದ್ವೆ ದಿನ ಅಡಿಗೆಗೆ ಮೊದಲ್ನೇ ಉಪ್ಪು ನಾನು ಹಾಕ್ಬೋದೇನಮ್ಮ?"

ಆಕೆ ಸುಳ್ಳು ಹೇಳಲಿಲ್ಲ. "ಆಗಲ್ಲಜ್ಜಿ. ನಮ್ ಅಡಿಗೆ ಮನೆ ಒಳಕ್ಕೆ ಹೊರಗಿನೋರ್ನ ಯಾರ್ನೂ ಬಿಡಲ್ಲ. ಬಿಸಿ ಎಣ್ಣೆ ಇರ್ತದೆ, ಗ್ಯಾಸ್ ಇರ್ತದೆ. ಉಪ್ಪೂ ನಾವು ತೂಗಿ ಹಾಕೋದು. ಬೇಜಾರ್ ಮಾಡ್ಕೋಬೇಡಿ."

ಮೊಮ್ಮಗಳು ತಟ್ಟನೆ, "ಹಂಗಾದ್ರೆ ಬೇಡ. ಕೊರಟಗೆರೆಯವ್ರಿಗೇ ಕೊಡಾನ" ಅಂದಳು. ಮಗ ಬಟ್ಟಲು ಕೆಳಗಿಟ್ಟು, "ನೀನ್ ಹೆಂಗ್ ಹೇಳ್ತೀಯೋ ಹಂಗೆ ಕಣವ್ವ" ಅಂದ. ಅವನ ದನೀಲಿ ಆಸೆ ಇತ್ತು, ಆದರೂ ಹಂಗಂದ. ಒಂದು ಕಡೆ ನಾನು ಜೀವಮಾನವೆಲ್ಲ ಕಾದ ಒಂದು ಹಿಡಿ ಉಪ್ಪು. ಇನ್ನೊಂದು ಕಡೆ ಅವಳ ಸಾರು. ಬೇಡ ಅಂದರೆ ಆಯ್ತು, ಅವಳ ಸಾರು ಕ್ಯಾರಿಯರಿನಲ್ಲೇ ವಾಪಸ್ ಮಧುಗಿರಿಗೆ ಹೋಗ್ತದೆ. ನನ್ನ ಬಾಯಿಂದ ಒಂದು ಮಾತು ಬಂದರೆ ಸಾಕು, ಕೊನೆಗಾದರೂ ನಾನು ಗೆದ್ದಂಗೆ.

ತಪ್ಪು ಹುಡುಕೋಣ ಅಂತ ಬಟ್ಟಲು ಎತ್ತಿ ನಾನೂ ಒಂದು ಗುಟುಕು ಕುಡಿದೆ. ಕಣ್ಣು ಮುಚ್ಚಿ ನಾಲಿಗೆ ಮೇಲೆ ಇಟ್ಟುಕೊಂಡು ನೋಡಿದೆ. ಹುಳಿ ಸರಿ ಇತ್ತು. ಖಾರ ಸರಿ ಇತ್ತು. ಹೂರಣದ ಸಿಹಿ ಎಷ್ಟು ಬೇಕೋ ಅಷ್ಟು. ಆದರೆ ಕೊನೇಲಿ... ಕೊನೇಲಿ ಒಂದು ಸಣ್ಣ ಕಹಿ ಬರಬೇಕು. ಅಕ್ಕ ಕೊಬ್ಬರಿ ಗಿಟುಕನ್ನ ಕೆಂಡದೊಳಕ್ಕೆ ಹಾಕಿ ಸುಡೋಳು, ಅಂಚು ಕರಕಲಾಗೋ ತನಕ. ಆ ಕರಕಲಿನ ಕಹಿ ಗಂಟಲಿಗೆ ಇಳಿಯೋ ಮುಂಚೆ ನಾಲಿಗೆ ತುದೀಲಿ ಒಂದು ಗಳಿಗೆ ನಿಂತು ಹೋಗೋದು. "ಕೊಬ್ಬರಿ ಸೀದೋಗದೆ" ಅಂತ ಪ್ರತಿ ಸಲವೂ ನಾನು ಕೊಂಕು ತೆಗೀತಿದ್ದೆ. ಬೇರೆ ಯಾರೂ ಅದನ್ನ ಗಮನಿಸಿರಲೇ ಇಲ್ಲ ಅಂತ ಇವತ್ತು ಗೊತ್ತಾಯ್ತು. ಅವರೆಲ್ಲ ಚೆನ್ನಾಗೈತೆ ಅಂತ ಉಂಡು ಎದ್ದುಹೋದವರು. ಒಂದೊಂದು ಗುಟುಕನ್ನೂ ಕುಂದು ಹುಡುಕಿ ಹುಡುಕಿ ಉಂಡವಳು ನಾನೊಬ್ಬಳೇ. ಹಂಗಾಗಿ ಅವಳ ಸಾರು ಪೂರ್ತಿಯಾಗಿ ನೆನಪಿರೋದೂ ನನಗೊಬ್ಬಳಿಗೇ.

"ಥೇಟ್ ಅತ್ತಿಗೇದೇ" ಅಂದರು ಯಜಮಾನರು ಮತ್ತೆ.

"ಅವಳ್ದಲ್ಲ!" ಅಂದೆ. ದನಿ ಜೋರಾಗೇ ಬಂತು. "ಏನ್ ಕಂಡಿದೀರಿ ನೀವು? ಅವಳ್ದು ಹಿಂಗಿರ್ಲಿಲ್ಲ. ಇದಕ್ಕಿಂತ ಇನ್ನೂ ಚೆನ್ನಾಗಿರ್ತಿತ್ತು!"

ಎಲ್ಲರೂ ನನ್ನನ್ನೇ ನೋಡಿದರು. ನಾನೂ ಬೆಚ್ಚಿದೆ. ಅವಳ ಅಡಿಗೆ ಚೆನ್ನಾಗಿತ್ತು ಅನ್ನೋ ಮಾತು ನನ್ನ ಬಾಯಿಂದ ಅವರು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಯಜಮಾನರು ಮೆಲ್ಲಗೆ, "ಆಯಮ್ಮ ಇದ್ದಾಗ ಒಂದ್ಸಲ ಅಂದಿದ್ರೆ..." ಅಂತ ಶುರು ಮಾಡಿದರು.

"ಸುಮ್ಕಿರಿ. ಇದ್ದಾಗ ಅನ್ನೋಕೆ ನಿಮ್ಮಂಥೋರು ಸಾವಿರ ಜನ ಇದ್ರು."

ಮಧುಗಿರಿಯಾಕೆಗೆ ಕರಕಲಿನ ವಿಷಯ ಹೇಳಿದೆ. ಆಕೆ ಬಟ್ಟಲಿಂದ ತಾನೂ ಒಂದು ಹನಿ ನೆಕ್ಕಿ, "ನಿಜ ಇರ್ಬೋದಜ್ಜಿ. ನಾವು ಗ್ಯಾಸಿನ ಮೇಲೆ ಸುಡೋದು, ಕೆಂಡ ಎಲ್ಲಿಂದ ತರಾನ. ಇಷ್ಟೇ ಬರೋದು" ಅಂದಳು. ಅದೂ ಸುಳ್ಳಲ್ಲ.

"ಇಷ್ಟಾದ್ರೂ ಬರ್ಲಿ," ಅಂದೆ. "ಈಯಮ್ಮಂಗೇ ಕೊಡ್ರಿ. ಪಾವಗಡದ ಬೀಗರು ನಮ್ ಪಂಕ್ತೀಲಿ ಕೂತು ಕೊರಟಗೆರೆಯೋನ ಸಪ್ಪೆ ಸಾರು ಉಂಡು ಹೋದ್ರೆ, ಆ ಸೀಮೆಯಿಂದ ಬಂದೋಳು ಮೇಲಿಂದ ನೋಡ್ಕೊಂಡು ನಗ್ತಾಳೆ. ಆ ನಗು ಕೇಳೋಕೆ ನನ್ ಕೈಲಾಗಲ್ಲ."

"ಮತ್ತೆ ಉಪ್ಪು ಅಜ್ಜಿ?" ಮೊಮ್ಮಗಳ ಕಣ್ಣು ತುಂಬಿತ್ತು.

"ಉಪ್ಪೇನ್ ಮಗ, ಯಾರು ಹಾಕಿದ್ರೂ ಕರಗ್ತದೆ."

ಹಂಗಂದೆ, ನಿಜ. ಆದರೆ ಒಳಗೆ ಹೋಗಿ ಕಂಬಕ್ಕೆ ಒರಗಿ ಕೂತೆ. ಮತ್ತೆ ಅವಳೇ ಗೆದ್ದಳಲ್ಲ ಅನ್ನಿಸ್ತು. ಗೆದ್ದವಳು ಬಂದು ಪಕ್ಕದಲ್ಲಿ ಕೂತು ಕಣ್ಣಲ್ಲಿ ನೀರು ಬರೋ ಹಂಗೆ ನಗಬೇಕಿತ್ತು, ನಾನು ಸಿಡುಕಬೇಕಿತ್ತು... ಹೊಟ್ಟೆಕಿಚ್ಚಿಗೂ ಎದುರಿಗೆ ಒಬ್ಬರು ಇರಬೇಕು. ಇಲ್ಲದವರ ಮೇಲೆ ಪಟ್ಟರೆ ಅದು ಬರೀ ನಮ್ಮನ್ನೇ ಸುಡ್ತದೆ. ಈಗ ನನ್ನನ್ನ ಚೆಲ್ಲಿ ಅಂತ ಕರೆಯೋರು ಈ ಭೂಮಿ ಮೇಲೆ ಒಬ್ಬರೂ ಇಲ್ಲ.

ಸಂಜೆಗೆ ಮನೆ ತುಂಬಿತು. ಮದುವೆ ಊಟ ಗೊತ್ತಾಯ್ತಂತೆ ಅಂತ ಚಿಕ್ಕ ಮಗ ಶಿರಾದಿಂದ ಹೆಂಡತಿ ಮಕ್ಕಳನ್ನ ಕರಕೊಂಡು ಬಂದ. ಮಗಳು ಅಳಿಯನೂ ಬಂದರು. ಮಧುಗಿರಿಯಾಕೆ ಬಿಟ್ಟುಹೋದ ಸಾರು ಅಷ್ಟು ಜನಕ್ಕೆ ಎಲ್ಲಿ ಸಾಕಾಗ್ತದೆ? ಸೊಸೆ ಮುದ್ದೆ ತಿರುವಿದಳು, ನಾನು ಹುರುಳಿಕಾಳು ಬೇಯಿಸಿ ಬಸ್ಸಾರು ಮಾಡಿದೆ. ನಡುಮನೇಲಿ ಎಲ್ಲರೂ ಸಾಲಾಗಿ ನೆಲದ ಮೇಲೆ ಕೂತರು. ಮದುವಣಗಿತ್ತಿ ತಟ್ಟೆ ಹಿಡಿದುಕೊಂಡು ಬಂದು ನನ್ನ ತೊಡೆಗೆ ತೊಡೆ ತಾಕಿಸಿ ಕೂತಳು. ಅವಳ ಕೈಗೆ ಹಚ್ಚಿದ್ದ ಗೋರಂಟಿ ಇನ್ನೂ ಕೆಂಪಗಿತ್ತು.

"ಅಜ್ಜಿ, ದೊಡ್ಡಜ್ಜಿ ಹೋದಾಗ ನಾನು ಚಿಕ್ಕೋಳು, ನೆನಪೇ ಇಲ್ಲ. ಆ ಸಾರು ಹೆಂಗಿರ್ತಿತ್ತು ಹೇಳು," ಅಂದಳು.

ಹೇಳೋಕೆ ಶುರು ಮಾಡಿದೆ. ಬೇಳೆ ಕಟ್ಟು ಬಸಿಯೋಕೆ ಅವಳು ಪಾತ್ರೆ ಹೆಂಗೆ ವಾಲಿಸೋಳು, ಹುಣಸೆಹಣ್ಣು ಕಿವುಚಿದ ಮೇಲೆ ಬೆರಳು ಹೆಂಗೆ ಕೊಡವೋಳು, ಒಗ್ಗರಣೆ ಚಟಪಟ ಅನ್ನುವಾಗ ಮುಖ ಹೆಂಗೆ ಓರೆ ಮಾಡೋಳು... ಒಂದನ್ನೂ ಬಿಡಲಿಲ್ಲ. ಮೊದಮೊದಲು ಮಾತಾಡಿಕೊಂಡು ಉಣ್ತಿದ್ದವರು ಒಬ್ಬೊಬ್ಬರಾಗಿ ಉಣ್ಣೋದು ನಿಲ್ಲಿಸಿ ನನ್ನ ಕಡೆ ತಿರುಗಿದರು. ಯಜಮಾನರು ತುತ್ತು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು.

"ಉಣ್ರಿ, ಆರೋಯ್ತದೆ," ಅಂದೆ.

ಎಲ್ಲರೂ ಮತ್ತೆ ಉಣ್ಣೋಕೆ ಶುರು ಮಾಡಿದರು. ದೊಡ್ಡ ಮಗ ಇನ್ನೊಂದು ಮುದ್ದೆಗೆ ತಟ್ಟೆ ಚಾಚಿದ.